ಮುಬೀನಾಳ ಬಲಗೈ

"ನೋಡಿ ಸಾಬ್! ಮಗೂ ಮೂಳೆ ಮುರಿದವ್ಳೆ. ಇನ್ನೇನ್ ಸಾಕ್ಷಿ ಬೇಕು ನಿಮಗೆ?"

ಹಜರಾ ಬೀ ಎಂಬ ಮುದುಕಿ ಎಕ್ಸ್‌ರೇ ಪ್ಲೇಟನ್ನು ನನ್ನ ಮೇಜಿನ ಮೇಲೆ ಬಡಿದಳು. ನನ್ನ ಚಹಾ ಚೆಲ್ಲಿಹೋಯಿತು. ನಾನು ವೆಂಕಟರಂಗಯ್ಯ, ಗುಬ್ಬಿ ಠಾಣೆಯ ಹೆಡ್ ಕಾನ್‌ಸ್ಟೇಬಲ್. ಎಪ್ಪತ್ತೊಂಬತ್ತರ ಬೇಸಿಗೆ, ಮಧ್ಯಾಹ್ನದ ಧಗೆಗೆ ಮೊದಲೇ ತಲೆ ಕೆಟ್ಟಿತ್ತು. ಆದರೂ ಪ್ಲೇಟನ್ನು ಬೆಳಕಿಗೆ ಹಿಡಿದೆ. ಮೂರು ವರ್ಷದ ಮಗುವಿನ ಮೊಣಕೈ. ತೋಳಿನ ಮೂಳೆಯ ತುದಿಯಲ್ಲಿ ಒಂದು ಚೂರು ಬೇರೆಯಾಗಿ ನಿಂತಿತ್ತು. ನಡುವೆ ಕಪ್ಪು ಸಂದು. ಅಯ್ಯೋ ಪಾಪಿ! ನನಗೂ ರಕ್ತ ಕುದಿಯಿತು.

ಮುರಿದವಳು ಯಾರು? ಮಗು ಮುಬೀನಾಳ ಮಲತಾಯಿ ಶಕೀಲಾ—ಇದು ಮುದುಕಿಯ ದೂರು. ಮುಬೀನಾ ಮುದುಕಿಯ ಸತ್ತ ಮಗಳ ಕೂಸು. ಮೊಮ್ಮಗಳನ್ನು ನೋಡಲೆಂದು ಕುಣಿಗಲ್ಲಿನಿಂದ ಬಂದಿದ್ದಳು. ನಿನ್ನೆ ಮಧ್ಯಾಹ್ನ ಕಿರುಚಾಟ ಕೇಳಿ ಒಳಗೆ ಓಡಿದರೆ, ಮಗುವಿನ ಬಲಗೈ ಶಕೀಲಾಳ ಹಿಡಿತದಲ್ಲಿತ್ತಂತೆ.

ಮಗುವಿನ ತಂದೆ, ಟ್ರಂಕು ಮಾಡುವ ಖುರ್ಷಿದ್ ಪಾಷಾ, ತಲೆ ತಗ್ಗಿಸಿ ನಿಂತಿದ್ದ. "ಬೆಳಿಗ್ಗೆ ತುಮಕೂರಿಗೆ ಹೋಗಿ ಫೋಟೊ ತೆಗೆಸ್ಕೊಂಡ್ ಬಂದೆ ಸಾರ್. ಮುರಿದಿದ್ದು ನಿಜ ಆದ್ರೆ ಇವಳನ್ನ ತವರಿಗೆ ಕಳಿಸಿಬಿಡ್ತೀನಿ. ಮಗು ಕುಣಿಗಲ್ಲಲ್ಲೇ ಬೆಳೀಲಿ."

ಶಕೀಲಾ ಬಾಯಿ ಬಿಡಲಿಲ್ಲ. ಮಗು ಮಾತ್ರ ಅವಳ ಹೆಗಲಿಗೆ ಅಂಟಿಕೊಂಡಿತ್ತು.

ಗಾಯದ ಸರ್ಟಿಫಿಕೇಟ್ ಬೇಕಲ್ಲ? ಎಲ್ಲರನ್ನೂ ಸರ್ಕಾರಿ ಆಸ್ಪತ್ರೆಯ ಡಾಕ್ಟರ್ ಉಮಾಮಹೇಶ್ವರಿಯವರ ಹತ್ತಿರ ಕರೆದುಕೊಂಡು ಹೋದೆ. ಅವರು ಪ್ಲೇಟನ್ನು ಒಮ್ಮೆ ನೋಡಿ ಪಕ್ಕಕ್ಕಿಟ್ಟರು. ಮಗುವನ್ನು ಮಾತ್ರ ಬಹಳ ಹೊತ್ತು ನೋಡಿದರು. ಮುಬೀನಾ ಬಲಗೈಯನ್ನು ಹೊಟ್ಟೆಗೆ ಒತ್ತಿ ಹಿಡಿದಿದ್ದಳು. ಊತವಿಲ್ಲ. ಒಂದು ಗೀರೂ ಇಲ್ಲ. ಎಡಗೈ ತುಂಬ ಹೊಸ ಹಸಿರು ಬಳೆ.

"ಬಳೆ ಯಾರು ತೊಡಿಸಿದ್ದು?"

"ನಾನೇ ಡಾಕ್ಟ್ರಮ್ಮ," ಅಂದಳು ಮುದುಕಿ. "ನಿನ್ನೆ ಬೆಳಿಗ್ಗೆ, ಸಂತೇಲಿ."

"ಒಂದೇ ಕೈಗಾ?"

"ಎರಡಕ್ಕೂ ತಗೊಂಡೆ. ಬಳೆಯವನು ಬಲಗೈ ಮುಟ್ಟಿದ್ದೇ ತಡ, ಗೊಳೋ ಅಂದ್ಳು. ಹಟ ಮಾಡ್ತಾಳೆ ಅಂತ ಸೆರಗಲ್ಲಿ ಕಟ್ಕೊಂಡೆ."

"ಮನೆ ಬಿಡೋವಾಗ ಚೆನ್ನಾಗಿದ್ಲಾ?"

"ಕುಣ್ಕೊಂಡ್ ಬಂದ್ಳು!"

"ಸಂತೆಗೆ ಹೋಗೋ ದಾರೀಲಿ ಬಿದ್ಲಾ?"

"ಬೀಳೋಕೆ ಬಿಡ್ತೀನಾ? ಬಲಗೈ ಹಿಡ್ಕೊಂಡೇ ಇದ್ದೆ. ಚರಂಡಿ ಬಂತು, ಆ ಕೈಯಲ್ಲೇ ಹಿಂಗೆ ಎತ್ತಿ ದಾಟಿಸ್ದೆ."

ನನಗೆ ತಾಳ್ಮೆ ಕೆಟ್ಟಿತು. "ಬಳೆ, ಚರಂಡಿ ಅದೆಲ್ಲ ಯಾಕೆ ಮೇಡಂ? ಮುರಿದ ಮೂಳೆ ಕಣ್ಣೆದುರಿಗೇ ಇದೆಯಲ್ಲ!"

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ ಕಣ್ರೀ." ಡಾಕ್ಟ್ರಮ್ಮ ಬೀರುವಿನಿಂದ ಹಳೆಯ ಪ್ಲೇಟೊಂದನ್ನು ತೆಗೆದರು. "ಇದು ನನ್ನ ಮಗಂದು, ಇದೇ ವಯಸ್ಸಲ್ಲಿ ತೆಗೆಸಿದ್ದು. ಏನೂ ಆಗಿರಲಿಲ್ಲ, ನಂಗೆ ಗಾಬರಿ ಅಷ್ಟೆ. ನೋಡಿ."

ಅದೇ ಚೂರು! ಅದೇ ಕಪ್ಪು ಸಂದು!

"ಇವನ ಕೈನೂ ಶಕೀಲಾನೇ ಮುರಿದ್ಲೇನ್ರೀ?"

ನಾನು ಎರಡೂ ಪ್ಲೇಟನ್ನು ಪಕ್ಕಪಕ್ಕದಲ್ಲಿ ಬೆಳಕಿಗೆ ಹಿಡಿದೆ.

"ನಿಮ್ಮ ಕಿವಿ ಮುಟ್ಟಿ ನೋಡ್ಕೊಳ್ಳಿ. ಬಗ್ಗುತ್ತೆ, ಬಿಟ್ರೆ ನೆಟ್ಟಗಾಗುತ್ತೆ. ಮೃದ್ವಸ್ಥಿ ಅಂತಾರೆ ಅದಕ್ಕೆ."

"ನರಂ ಹಡ್ಡಿ," ಎಂದಳು ಹಜರಾ ಬೀ ಮೆಲ್ಲಗೆ. "ಕುರಿಮರಿ ಮಾಂಸದಲ್ಲಿ ಕುರುಕುರು ಅನ್ನುತ್ತಲ್ಲ, ಅದು."

"ಅದೇ ಜಾತಿ. ಮಕ್ಕಳ ಮೂಳೆ ಮೊದಲು ಹಂಗೇ ಮೆತ್ತಗಿದ್ದು, ಅಲ್ಲಲ್ಲಿ ಗಟ್ಟಿಯಾಗ್ತಾ ಬರುತ್ತೆ. ಗಟ್ಟಿಯಾದದ್ದು ಪ್ಲೇಟಲ್ಲಿ ಬೆಳ್ಳಗೆ ಕಾಣುತ್ತೆ, ಮೆತ್ತಗಿರೋದು ಕಾಣಲ್ಲ. ಈ ಸಂದು ಮುರಿದ ಜಾಗ ಅಲ್ಲಮ್ಮ, ಬೆಳೀತಿರೋ ಜಾಗ."

"ಮತ್ತೆ ನೋವು?" ಎಂದ ಖುರ್ಷಿದ್.

"ಮೊಣಕೈ ಹತ್ರ ಮೂಳೆ ತಲೆಯನ್ನು ಸುತ್ತಿ ಹಿಡಿದಿರೋ ಒಂದು ನಾರಿನ ಪಟ್ಟಿ ಇದೆ. ಎರಡು ಮೂಳೆ ಒಟ್ಟಿಗಿರೋದು ಅದರಿಂದ. ಎಳೆ ಮಕ್ಕಳಲ್ಲಿ ಅದು ಸಡಿಲ. ಒಂದೇ ಕೈ ಹಿಡಿದು ಎತ್ತಿದ್ರೆ ಮೂಳೆ ಜಾರಿ, ಪಟ್ಟಿ ಸಂದಿಗೆ ಸಿಕ್ಕಿಕೊಳ್ಳುತ್ತೆ. ಬಳೆ ಅಂಗಡೀಲೇ ಮಗು ಬಲಗೈ ಮುಟ್ಟಿಸಿಕೊಂಡಿಲ್ಲ. ಅಂದ್ರೆ ಮನೆಗೆ ಬರೋ ಮುಂಚೇನೇ ಜಾರಿತ್ತು." ಡಾಕ್ಟ್ರಮ್ಮ ಮುದುಕಿಯ ಭುಜದ ಮೇಲೆ ಕೈಯಿಟ್ಟರು. "ಹಜರಾ ಬೀ, ಕೈ ಎಳೆದಿದ್ದು ನೀವು. ಪ್ರೀತಿಯಿಂದಲೇ ಎಳೆದಿದೀರಿ."

ಮುದುಕಿ ಬೆಂಚಿನ ಮೇಲೆ ಕುಸಿದಳು. ಡಾಕ್ಟ್ರಮ್ಮ ಮಗುವಿನ ಮೊಣಕೈ ಹಿಡಿದು, ಅಂಗೈಯನ್ನು ಮೇಲಕ್ಕೆ ತಿರುಗಿಸಿ, ಮಡಿಸಿದರು. ಟಕ್! ಮಗು ಒಮ್ಮೆ ಚೀರಿತು. ಸ್ವಲ್ಪ ಹೊತ್ತಿಗೆ ಅದೇ ಬಲಗೈ ಚಾಚಿ ಸ್ಟೆತಸ್ಕೋಪು ಎಳೆಯತೊಡಗಿತು.

ನಾನು ಶಕೀಲಾಳ ಮೇಲೆ ರೇಗಿದೆ. "ಕೈ ಮೊದಲೇ ಸರಿಯಿಲ್ಲ ಅಂತ ನಿಂಗೆ ಗೊತ್ತಿರಲಿಲ್ವೇನಮ್ಮ?"

"ಗೊತ್ತಿತ್ತು ಸಾಬ್. ಸಂತೆಯಿಂದ ಬಂದಾಗ್ಲೇ ಎಡಗೈಲಿ ತಿಂತಿದ್ಲು. ಏನಾಯ್ತೋ ಅಂತ ಮುಟ್ಟಿ ನೋಡ್ದೆ, ಕಿರುಚಿದ್ಲು."

"ಹೇಳೋಕೇನ್ ಧಾಡಿ?"

"ಹೇಳಿದ್ರೆ ಇವ್ರು ಮಗೂನ ಅಮ್ಮೀಜಾನ್ ಕೈಗೆ ಇನ್ಯಾವತ್ತೂ ಕೊಡ್ತಿರಲಿಲ್ಲ. ಅವರಿಗಿರೋದು ಇದೊಂದೇ ಅಲ್ವಾ?"

"ನಿನ್ನನ್ನೇ ಮನೆಯಿಂದ ಕಳಿಸೋರಿದ್ರಲ್ಲೇ ತಾಯಿ!"

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಿಜ ಹೇಳುತ್ತೇನೆ, ನನ್ನ ಕಣ್ಣೂ ತೇವವಾಯಿತು. ಖುರ್ಷಿದ್ ಗೋಡೆಗೆ ಮುಖ ತಿರುಗಿಸಿ ನಿಂತುಬಿಟ್ಟಿದ್ದ.

ಹೊರಡುವಾಗ ಮುಬೀನಾ ಮೆಟ್ಟಿಲ ಹತ್ತಿರ ನಿಂತು ಅಜ್ಜಿಯ ಕಡೆಗೆ ಎರಡೂ ಕೈ ಎತ್ತಿದಳು. ಮುದುಕಿ ತನ್ನ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.

"ಬೇಡ ಕೂಸೇ. ನನ್ನ ಕೈ ಬೇಡ ನಿಂಗೆ."

ಶಕೀಲಾ ಆ ಕೈಗಳನ್ನು ಎಳೆದು ಮಗುವಿನ ಕಂಕುಳಿಗೆ ಕೊಟ್ಟಳು. "ಹಿಂಗೆ ಎತ್ತಿ ಅಮ್ಮೀಜಾನ್. ಏನೂ ಆಗಲ್ಲ."

ಮುದುಕಿ ಹಾಗೆಯೇ ಮಗುವನ್ನು ಎತ್ತಿ ಎದೆಗೊತ್ತಿಕೊಂಡಳು. ಎರಡು ಮೆಟ್ಟಿಲಿಳಿದವಳು ನಿಂತು ಹಿಂದಿರುಗಿ ನೋಡಿದಳು.

"ನೀನೂ ಬಾ ಬೇಟಿ," ಅಂದಳು. "ಮನೆಗೆ ಹೋಗೋಣ."