ಏಳು ಕಣಗಳ ಮೈಕಟ್ಟು

ಗೀರು ಕಂಡದ್ದು ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ. ಊಟದ ತಟ್ಟೆಯಷ್ಟು ಅಗಲದ ಮಸೂರ. ಎರಡು ತಿಂಗಳು ಉಜ್ಜಿ ಉಜ್ಜಿ ನುಣುಪು ಮಾಡಿದ್ದು. ಇನ್ನೆರಡು ದಿನ ಕಳೆದಿದ್ದರೆ ದೂರದರ್ಶಕ ಕಟ್ಟುವವರ ಕೈ ಸೇರುತ್ತಿತ್ತು. ಅದರ ಮೈಮೇಲೆ ಬೆಕ್ಕು ಪರಚಿದ ಹಾಗೆ ಗೀರುಗಳು!

ಹತ್ತೂವರೆಗೆಲ್ಲ ತಪ್ಪು ಮಾಡಿದವರೂ ಸಿಕ್ಕಿಬಿಟ್ಟರು — ಜರಡಿಯಕ್ಕ.

ಗಾಜು ಉಜ್ಜುವ ಪುಡಿಯನ್ನು ಒರಟು, ನಡುತರ, ನುಣುಪು ಎಂದು ಜರಡಿ ಹಿಡಿದು ಬೇರೆ ಮಾಡುವುದು ಹತ್ತೊಂಬತ್ತು ವರ್ಷಗಳಿಂದ ಅವಳದೇ ಕೆಲಸ. ತಪ್ಪು ಹಿಡಿದವನು ಉಜ್ಜುವ ಕೋಣೆಯ ಮೇಸ್ತ್ರಿ. ಅವಳ ಸ್ವಂತ ಅಕ್ಕನ ಗಂಡ. ಈ ಕೆಲಸಕ್ಕೆ ಅವಳನ್ನು ಸೇರಿಸಿದವನೂ ಅವನೇ. ಮಸೂರ ಉಜ್ಜುವ ಅರಗಿನ ದಿಂಡಿನಲ್ಲಿ ಏಳು ಕಣಗಳು ಕಚ್ಚಿಕೊಂಡಿದ್ದವು. ಸೂಜಿಯಿಂದ ಕಿತ್ತು ಅಳೆದ. ಒಂದೊಂದೂ ಮಿಲಿಮೀಟರಿನ ಐದನೇ ಒಂದು ಪಾಲು. ಒರಟು ಪುಡಿಯ ಅಳತೆಯೂ ಸರಿಯಾಗಿ ಅಷ್ಟೇ. ‘ನುಣುಪು ಡಬ್ಬಿಗೆ ಒರಟು ಪುಡಿ ಸೇರಿದೆ. ಜರಡಿ ಕೋಣೆಯ ತಪ್ಪು’ ಎಂದು ಬರೆದು, ಎಲ್ಲರಿಗೂ ಕಾಣುವ ಹಾಗೆ ಹಲಗೆಗೆ ಚುಚ್ಚಿದ.

“ನಾಳೆಯಿಂದ ನೀವು ಬರೋದು ಬೇಡ,” ಎಂದರು ಕಾರ್ಖಾನೆಯ ಒಡತಿ.

ಜರಡಿಯಕ್ಕನಿಗೆ ಅಳು ಬರಲಿಲ್ಲ, ಮೈ ಉರಿಯಿತು. “ಮೇಡಂ, ಒಂದೇ ಒಂದು ಸಲ ಭೂತಗನ್ನಡಿ ತಾತನಿಗೆ ತೋರಿಸಿ. ಅವರೂ ನನ್ನದೇ ತಪ್ಪು ಅಂದ್ರೆ ನಾನಾಗೇ ಹೋಗ್ತೀನಿ.”

“ಸಂಜೆವರೆಗೆ ಕಾಯ್ತೀನಿ,” ಎಂದರು ಒಡತಿ.

ತಾತ ಪಕ್ಕದ ಬೀದಿಯವರು. ಪುಡಿ ಪರೀಕ್ಷೆ ಮಾಡುತ್ತಲೇ ಕೂದಲು ಹಣ್ಣಾಗಿ ನಿವೃತ್ತರಾದವರು. ಈಗಲೂ ಟೀಗೆ ಹಾಕುವ ಸಕ್ಕರೆಯನ್ನು ಕಣ್ಣಿಗೆ ಹಿಡಿದು ನೋಡಿಯೇ ಹಾಕುತ್ತಾರೆ ಎಂದು ಸೊಸೆ ಗೊಣಗುತ್ತಾಳೆ. ಊಟ ಮುಗಿಸಿ, ಸೂಕ್ಷ್ಮದರ್ಶಕದ ಪೆಟ್ಟಿಗೆ ಹಿಡಿದು ನಿಧಾನವಾಗಿ ಬಂದರು.

ಉಜ್ಜುವ ಕೋಣೆಯ ಬಾಗಿಲ ಪಕ್ಕದ ಮೊಳೆಗಳಲ್ಲಿ ಉಂಗುರ, ವಾಚುಗಳು ನೇತಾಡುತ್ತಿದ್ದವು. ಜರಡಿಯಕ್ಕನೂ ಬಳೆ ಕಳಚಿದಳು.

“ಇದೇನಮ್ಮ?”

“ಲೋಹ ತಗುಲಿದ್ರೆ ಗಾಜು ಕೆಡುತ್ತೆ ತಾತ. ಏನಿದ್ರೂ ಇಲ್ಲೇ ಬಿಚ್ಚಿಡಬೇಕು.”

“ಹೊತ್ತು ಹೇಗೆ ಗೊತ್ತಾಗುತ್ತೆ?”

“ಮರಳು ಗಡಿಯಾರ ಇದೆ. ಅರ್ಧ ಗಂಟೆಗೊಮ್ಮೆ ಭಾವ ತಿರುಗಿಸಿಡ್ತಾರೆ.”

ತಾತ ತಮ್ಮ ವಾಚನ್ನೂ ಮೊಳೆಗೆ ತೂಗುಹಾಕಿದರು.

ಒಳಗೆ ಮೇಸ್ತ್ರಿ ಕೈಕಟ್ಟಿ ನಿಂತಿದ್ದ. “ಅಳತೆ ನಾನೇ ಮಾಡಿದೀನಿ ತಾತ. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ.”

“ಗಾತ್ರ ನೋಡಿದೀಯ, ಸರಿ. ಆಕಾರ?”

“ಪುಡಿಗೆಂಥ ಆಕಾರ? ಪುಡಿ ಅಂದ್ರೆ ಪುಡಿ!”

ತಾತ ನಕ್ಕರು. ಏಳು ಕಣಗಳನ್ನು ಗಾಜಿನ ಪಟ್ಟಿಯ ಮೇಲಿಟ್ಟು, ಪಕ್ಕದಲ್ಲೇ ಜರಡಿ ಕೋಣೆಯ ಒರಟು ಪುಡಿಯನ್ನು ಚಿಟಿಕೆಯಷ್ಟು ಉದುರಿಸಿದರು. “ಬಾಮ್ಮ, ನೀನೇ ನೋಡಿ ಹೇಳು.”

ಜರಡಿಯಕ್ಕ ಕಣ್ಣಿಟ್ಟಳು. “ನಮ್ಮ ಪುಡಿ... ಒಡೆದ ಕಲ್ಲುಸಕ್ಕರೆ ಥರ ಇದೆ. ಮೂಲೆ ಮೂಲೆ, ಚೂಪು. ಉದ್ದ ಜಾಸ್ತಿ, ಅಗಲ ಕಮ್ಮಿ.”

“ಆ ಏಳು?”

“ಸಾಸಿವೆ ಥರ ಗುಂಡಗಿವೆ ತಾತ! ಮೂಲೆಯೇ ಇಲ್ಲ!”

“ಎಷ್ಟು ಗುಂಡಗಿವೆ?”

“ಏಳಕ್ಕೆ ಏಳೂ.”

ಒಡತಿ ಬಗ್ಗಿ ನೋಡಿದರು. ತಾತ ಚೌಕಳಿ ಕಾಗದದ ಮೇಲೆ ಒಂದೊಂದು ಕಣದ ಅಂಚನ್ನೂ ಬರೆದು, ಉದ್ದ ಅಗಲ ಎರಡನ್ನೂ ಅಳೆದು ತೋರಿಸಿದರು. ಏಳರಲ್ಲೂ ಎರಡು ಅಳತೆ ಹೆಚ್ಚುಕಡಿಮೆ ಒಂದೇ.

“ಹಾಗಾದ್ರೆ ಬೆಂಕಿ ಆರಿಸೋ ಬಕೆಟ್ಟಿನ ಮರಳಿರಬಹುದು,” ಎಂದ ಮೇಸ್ತ್ರಿ ಅವಸರದಲ್ಲಿ. “ಬಾಗಿಲಲ್ಲೇ ಇದೆ. ಯಾರದೋ ಕಾಲಿಗಂಟಿ ಬಂದಿರುತ್ತೆ.”

ಅದನ್ನೂ ತರಿಸಿ ನೋಡಿದರು. ಗುಂಡಗಿನದು, ಚಪ್ಪಟೆ, ದಪ್ಪ, ಧೂಳು — ಎಲ್ಲ ಕಲಸುಮೇಲೋಗರ.

“ಇಲ್ಲಪ್ಪ. ಇಲ್ಲಿಂದ ಬಂದಿದ್ರೆ ಏಳು ಕಣ ಏಳು ಥರ ಇರ್ತಿದ್ವು,” ಎಂದು ತಾತ ಕನ್ನಡಕ ತೆಗೆದರು. “ಇರಲಿ, ಟೀ ಹೊತ್ತಾಯ್ತೇನೋ. ಟೈಮೆಷ್ಟು?”

ಮೇಸ್ತ್ರಿ ತೋಳು ಸರಿಸಿದ. “ಮೂರೂ ಕಾಲು.”

ಜರಡಿಯಕ್ಕ ಅವನ ಮಣಿಕಟ್ಟನ್ನೇ ನೋಡುತ್ತ ನಿಂತಳು.

“ಗುಂಡಗಿರಬೇಕು, ಎಲ್ಲ ಒಂದೇ ಗಾತ್ರ ಇರಬೇಕು,” ಎಂದರು ತಾತ. “ಎರಡೂ ಇರೋ ಮರಳನ್ನ ಆರಿಸಿ ತುಂಬೋದು ಒಂದೇ ಕಡೆ. ಕತ್ತಿನಲ್ಲಿ ಸಿಕ್ಕಿಕೊಳ್ಳದೆ ಸಲೀಸಾಗಿ ಇಳೀಬೇಕಲ್ಲ? ಬಂದಾಗಿನಿಂದ ಹುಡುಕ್ತಿದೀನಿ, ಈ ಕೋಣೇಲಿ ಮರಳು ಗಡಿಯಾರ ಕಾಣ್ತಿಲ್ಲ. ಇಡೀ ಕಾರ್ಖಾನೆ ವಾಚು ಮೊಳೆಗೆ ಹಾಕಿದೆ, ನಿನ್ನ ಕೈಲಿ ಮಾತ್ರ ಇದೆ. ಯಾವತ್ತು ಒಡೀತಪ್ಪ?”

ಮೇಸ್ತ್ರಿ ವಾಚಿನ ಮೇಲೆ ಅಂಗೈ ಮುಚ್ಚಿದ. “ಶನಿವಾರ,” ಎಂದ. “ಮೊಣಕೈ ತಾಗಿ ಬಿತ್ತು. ಗುಡಿಸಿದೆ. ಒರೆಸಿದೆ. ಪೂರ್ತಿ ಹೋಯ್ತು ಅಂದ್ಕೊಂಡೆ... ದಿಂಡು ಒರೆಸೋ ಬಟ್ಟೇಲಿ ಉಳಿದಿತ್ತೇನೋ.”

“ದಿಂಡು ಬದಲಾಯಿಸಬಹುದಿತ್ತಲ್ಲ?” ಒಡತಿಯ ದನಿ ಏರಿತು.

“ಬದಲಾಯಿಸಿದ್ರೆ ಯಾಕೆ ಅಂತ ಕೇಳ್ತಿದ್ರಿ ಮೇಡಂ. ಮೂವತ್ತು ವರ್ಷದಲ್ಲಿ ಒಂದು ಗಾಜೂ ಕೆಡಿಸಿಲ್ಲ ಅನ್ನೋ ಹೆಸರು ನನಗೆ.”

“ಭಾವ,” ಎಂದಳು ಜರಡಿಯಕ್ಕ. ಅವಳ ದನಿ ಅವಳಿಗೇ ಬೇರೆಯವರದೆನಿಸಿತು. “ಅಳೆಯೋವಾಗ ಕಣ್ಣಿಗೆ ಕಂಡಿರಬೇಕಲ್ಲ, ಗುಂಡಗಿರೋದು?”

ಅವನು ತಲೆ ತಗ್ಗಿಸಿದ. “ಕಂಡಿತ್ತು. ಗಾತ್ರ ನಿನ್ನ ಪುಡಿಗೆ ಸರಿಹೋಯ್ತು. ಅಷ್ಟಕ್ಕೇ ಬರೆದು ನಿಲ್ಲಿಸಿದೆ.”

ಒಡತಿ ಹೊರಗೆ ಹೋಗಿ ಹಲಗೆಯ ಚೀಟಿಯನ್ನು ತಾವೇ ಕಿತ್ತರು. “ನಿಮ್ಮ ಕೆಲಸ ನಿಮ್ಮದೇ. ನನ್ನದೂ ತಪ್ಪಾಯ್ತು,” ಎಂದರು ಜರಡಿಯಕ್ಕನಿಗೆ. “ಮೇಸ್ತ್ರಿ ವಿಷಯ ನಾಳೆ ನೋಡೋಣ.”

ಆಗ ಬಂತು ಅಳು, ಬೆಳಿಗ್ಗೆ ಬಾರದೆ ಉಳಿದಿದ್ದೆಲ್ಲ. ಜರಡಿಯಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು.

ಮೇಸ್ತ್ರಿ ಹತ್ತಿರ ಬಂದು ದನಿ ತಗ್ಗಿಸಿದ. “ನಿಮ್ಮಕ್ಕನಿಗೆ... ಇದನ್ನ ಹೇಳ್ಬೇಡ ಕಣಮ್ಮ.”

“ನಾನು ಹೇಳಲ್ಲ ಭಾವ,” ಎಂದಳು ಅವಳು. “ಮಧ್ಯಾಹ್ನ ಅಕ್ಕ ಫೋನ್ ಮಾಡಿದ್ಲು. ‘ನಿಮ್ಮ ಭಾವನ ಮರ್ಯಾದೆ ಕಳೆದೆಯಲ್ಲೇ, ಇನ್ನು ನಮ್ಮ ಹೊಸಿಲು ತುಳೀಬೇಡ’ ಅಂತ ಇಟ್ಟುಬಿಟ್ಲು. ನೀವೇ ಅವಳಿಗೆ ನಿಜ ಹೇಳಿ. ಅಕ್ಕ ತಾನಾಗಿ ಬಂದು ಕರೆಯೋವರೆಗೂ ನಾನು ಬರಲ್ಲ.”