ಚುಕ್ಕೆ ಇಟ್ಟ ಒಂಬತ್ತು ಪತ್ರ

ಪರದೆಯ ಮೇಲೆ ಪಟ್ಟಿ ಸರಸರನೆ ಇಳಿಯಿತು. ಮೊದಲ ಫೈಲಿನ ಹೆಸರಿಗೇ ಅವಳ ಕಣ್ಣು ಅಂಟಿಕೊಂಡಿತು. ರಾಜೀನಾಮೆ ಒಂದು. ಕೆಳಗೆ ರಾಜೀನಾಮೆ ಎರಡು. ಹಾಗೇ ಒಂಬತ್ತರವರೆಗೆ.

ಅಂದು ಅವಳ ಪರೀಕ್ಷೆ. ಮುದ್ರಣಾಲಯದಲ್ಲಿ ಆರು ವರ್ಷ ಕರಡು ತಿದ್ದಿದವಳು ಅಲ್ಲಿನ ಕಂಪ್ಯೂಟರ್ ವಿಭಾಗ ಸೇರಬೇಕಾದರೆ ಒಂದು ಪುಟ್ಟ ಪ್ರೋಗ್ರಾಂ ಬರೆದು ತೋರಿಸಬೇಕಿತ್ತು. ಕಮಾಂಡ್ ಟೈಪ್ ಮಾಡಿದರೆ ಫೋಲ್ಡರ್‌ನಲ್ಲಿರುವ ಫೈಲುಗಳ ಹೆಸರು, ಪಕ್ಕದಲ್ಲಿ ತಾರೀಕು, ಅಷ್ಟೇ. ಕಲಿಸಿದವನೂ ಅಂಕ ಹಾಕುವವನೂ ಒಬ್ಬನೇ. ಎಲ್ಲರ ಬಾಯಲ್ಲಿ ಮೇಷ್ಟ್ರು, ವಯಸ್ಸಿನಲ್ಲಿ ಅವಳಿಗಿಂತ ಎರಡೇ ವರ್ಷ ದೊಡ್ಡವನು. ಅವನ ಮಾತೆತ್ತಿದರೆ ಇವಳ ಮುಖ ಕೆಂಪಾಗುವುದನ್ನು ಅಕ್ಕ ಎಂದೋ ಕಂಡುಹಿಡಿದಿದ್ದಳು. ಇವಳು ಮಾತ್ರ ಯಾರಿಗೂ ತಿಳಿಯದೆಂದು, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಇದ್ದಳು.

ನನ್ನ ಫೋಲ್ಡರ್ ಮೇಲೇ ಪ್ರೋಗ್ರಾಂ ಓಡಿಸಿ ನೋಡಿ ಎಂದು ಧಾರಾಳವಾಗಿ ಹೇಳಿದ್ದವನು ಅವನೇ. ಹೆಸರಿನ ಮುಂದೆ ಚುಕ್ಕೆ ಇಟ್ಟ ಫೈಲು ಬಚ್ಚಿಟ್ಟದ್ದೆಂದು ಅರ್ಥ, ಅದನ್ನು ಪಟ್ಟಿಯಲ್ಲಿ ತೋರಿಸಬಾರದು. ಈ ಕಟ್ಟಳೆಯನ್ನು ಅವನು ಹತ್ತು ಸಲ ಹೇಳಿಕೊಟ್ಟಿದ್ದ. ಕಂಡವರ ಪುಸ್ತಕಗಳ ಚುಕ್ಕೆ, ಕೊಂಬು ತಿದ್ದುತ್ತಾ ಬಂದ ಮಹಾತಾಯಿ ತನ್ನ ಕೆಲಸದಲ್ಲಿ ಅದನ್ನೇ ಮರೆತಿದ್ದಳು.

ಅವನ ಮುಖ ಸುಣ್ಣ ಬಳಿದಂತಾಗಿತ್ತು. ಪರದೆ ಆರಿಸಲು ಕೈ ಚಾಚಿದವನು ಅರ್ಧಕ್ಕೇ ನಿಂತ. ಅಷ್ಟರಲ್ಲಿ ಅವಳು ತಾರೀಕುಗಳನ್ನೂ ಓದಿಬಿಟ್ಟಿದ್ದಳು. ಮೊದಲ ಪತ್ರ ಅವಳು ಪಾಠಕ್ಕೆ ಬಂದ ಎರಡನೇ ವಾರದ್ದು. ಕೊನೆಯದು ನಿನ್ನೆಯದು. ಕೆಲಸ ಸಿಕ್ಕಿ, ಈ ಕೋಣೆಯಲ್ಲಿ ಅವನೇ ಇಲ್ಲದಿದ್ದರೆ?

"ಒಂಬತ್ತೂ ನಾನು ಬಂದಮೇಲೆ ಬರೆದದ್ದು. ನಾನು ಅಷ್ಟೊಂದು ದಡ್ಡಿನಾ ಸರ್?"

"ದಡ್ಡ ನಾನು," ಎಂದ ಅವನು. ಆಮೇಲೆ ತಲೆ ತಗ್ಗಿಸಿ, ಎಲ್ಲೋ ನೋಡುತ್ತಾ, ತಡವರಿಸುತ್ತಾ ಒಂದೊಂದೇ ಹೇಳಿದ. ಅವಳ ಅಂಕ ತನ್ನ ಕೈಯಲ್ಲಿರುವಾಗ ಅವಳನ್ನು ಏನಾದರೂ ಕೇಳುವುದು ತಪ್ಪು. ಕೇಳಬೇಕೆಂದರೆ ಮೊದಲು ಈ ಕುರ್ಚಿ ಬಿಡಬೇಕು. ಬಿಟ್ಟರೆ ನಾಳೆಯಿಂದ ಅವಳನ್ನು ನೋಡುವಂತಿಲ್ಲ. ಅದಕ್ಕೇ ಪ್ರತಿ ಸಲ ಬರೆದು, ಚುಕ್ಕೆ ಇಟ್ಟು ಬಚ್ಚಿಟ್ಟಿದ್ದ.

ಅವಳಿಗೆ ಬರಸಿಡಿಲು ಬಡಿದಂತಾಯಿತು. ಇದೂ ಸಿಡಿಲೇ, ಆದರೆ ಸುಡಲಿಲ್ಲ. ಖುಷಿ ತಡೆಯಲಾರದೆ ಅವನನ್ನೇ ನೋಡಿದಳು. ಅವನು ಕಳ್ಳನ ಹಾಗೆ ಒಮ್ಮೆ ಕಣ್ಣೆತ್ತಿ ನೋಡಿ, ಅವಳು ನೋಡುತ್ತಿರುವುದು ಕಂಡು ಮತ್ತೆ ಕೀಬೋರ್ಡ್ ಕಡೆ ತಿರುಗಿದ.

"ನೀವು ಕೆಲಸ ಬಿಡೋದು ಬೇಡ," ಎಂದಳು. "ನನ್ನ ಪರೀಕ್ಷಕರನ್ನ ಬದಲಾಯಿಸಿ ಅಂತ ನಾನೇ ಅರ್ಜಿ ಕೊಡ್ತೀನಿ."

"ಬೇರೆಯವರು ಬಂದ್ರೆ ಈ ತಪ್ಪಿಗೆ ಫೇಲ್ ಮಾಡಬಹುದು."

"ಮಾಡ್ಲಿ, ಇನ್ನೊಂದು ಸಲ ಬರೀತೀನಿ."

ಅರ್ಜಿಯ ನಮೂನೆ ತೆರೆದು ಹೆಸರು, ವಿಭಾಗ ತುಂಬಿದಳು. ಮೂರನೇ ಸಾಲಿಗೆ ಬಂದು ಕೈ ನಿಲ್ಲಿಸಿದಳು.

"ಇಲ್ಲಿ ಕಾರಣ ಕೇಳ್ತಿದಾರೆ. ಏನಂತ ಬರೀಲಿ?"

ಅವನು ಕೀಬೋರ್ಡ್ ಬಿಟ್ಟು ಅವಳ ಕಡೆ ತಿರುಗಿದ.

"ಪರೀಕ್ಷಕನಿಗೆ ನನ್ನ ಮೇಲೆ ಮನಸ್ಸಾಗಿದೆ, ಅಂತ ಬರೀರಿ."

ಅವಳು ಅದನ್ನು ಅಕ್ಷರ ತಪ್ಪದೆ ಟೈಪ್ ಮಾಡಿದಳು.

"ಇದು ಅರ್ಧ ಕಾರಣ," ಎಂದಳು. "ಇನ್ನರ್ಧ ನಾನು ಸೇರಿಸ್ತೀನಿ, ನೋಡ್ತಾ ಇರಿ."