ಗುಂಡಿಗಂಟಿದ ಕುಂಕುಮ

ಅಕ್ಟೋಬರ್ ಎರಡರ ಬೆಳಿಗ್ಗೆ ಏಳೂವರೆಗೆ ಜಾರ್ಜ್‌ಟೌನ್ ಪೊಲೀಸ್ ಠಾಣೆಗೆ ದೂರು ಬಂತು. ಹೊಸ ಬಡಾವಣೆಯೊಂದರಲ್ಲಿ ತನ್ನ ಮನೆಯ ಹಿತ್ತಲಲ್ಲಿ ಕಾಫಿ ಕುಡಿಯುತ್ತ ನಿಂತಿದ್ದ ದುಷ್ಯಂತನ ಕಣ್ಣಿಗೆ ಎಲ್ಲಿಂದಲೋ ಗುಂಡು ಬಡಿದಿತ್ತು. ಆಸ್ಪತ್ರೆಯಲ್ಲಿ ಕಾಳುಮೆಣಸಿನಷ್ಟು ದಪ್ಪದ ಉಕ್ಕಿನ ಗುಂಡನ್ನು ಹೊರತೆಗೆದರು. ಕಣ್ಣು ಉಳಿಯುತ್ತದೋ ಇಲ್ಲವೋ ಸಂಜೆಗೆ ಹೇಳುತ್ತೇವೆ ಎಂದರು.

"ಬಿಬಿ ಗನ್ನಿನದು, ಗಾಳಿಯ ಒತ್ತಡದಿಂದ ಹಾರುವ ಗುಂಡು. ಆದರೆ ಈ ಕೆಂಪು ಬಣ್ಣ ಏನು?" ಎಂದ ಡಿಟೆಕ್ಟಿವ್ ರಂಜನಿಯ ಜೊತೆಗಾರ ಗಾರ್ಸಿಯಾ.

ರಂಜನಿ ಗುಂಡಿದ್ದ ಪೊಟ್ಟಣವನ್ನು ಬೆಳಕಿಗೆ ಹಿಡಿದಳು. ಎಣ್ಣೆಗೆ ಅಂಟಿಕೊಂಡ ಕೆಂಪು ಪುಡಿ. ಆಯುಧಪೂಜೆಯೆಂದು ಅಮ್ಮ ನಿನ್ನೆ ಕಾರಿನ ಸ್ಟೀರಿಂಗಿಗೆ ಹಚ್ಚಿದ್ದ ಕುಂಕುಮದ ಅದೇ ಕೆಂಪು ಅವಳ ಹೆಬ್ಬೆರಳಿನಲ್ಲಿ ಇನ್ನೂ ಉಳಿದಿತ್ತು.

ಸ್ಥಳ ಮಹಜರಿನಲ್ಲಿ ಇನ್ನೊಂದು ಸಂಗತಿ ಸಿಕ್ಕಿತು. ದುಷ್ಯಂತನ ಬೇಲಿಯ ಮೇಲೆ ಹಿಂದಿನ ಮನೆಯತ್ತ ಮುಖಮಾಡಿದ್ದ ಕ್ಯಾಮೆರಾದ ಕಬ್ಬಿಣದ ತೋಳಿಗೆ ಹೊಸ ಗೀರು ಬಿದ್ದಿತ್ತು. ಗುಂಡು ಅಲ್ಲಿ ತಗುಲಿ ದುಷ್ಯಂತನ ಕಣ್ಣಿನತ್ತ ಸಿಡಿದಿದೆ. ರೆಕಾರ್ಡಿಂಗಿನಲ್ಲಿ ನರಪಿಳ್ಳೆಯೂ ಇಲ್ಲ. ಹೊಡೆದವರು ಕ್ಯಾಮೆರಾಕ್ಕೆ ಕಾಣದ ಮೂಲೆಯನ್ನು ಬಲ್ಲವರು.

"ಕ್ಯಾಮೆರಾ ವಿಷಯಕ್ಕೆ ಯಾರಾದ್ರೂ ತಕರಾರು ಮಾಡಿದ್ರಾ?" ಎಂದು ಕೇಳಿದಳು ರಂಜನಿ.

"ಹಿಂದಿನ ಮನೆ ಅಂಕಲ್ ಎರಡು ಸಲ ಬಂದು ತೆಗೀರಿ ಅಂದ್ರು," ಎಂದಳು ದುಷ್ಯಂತನ ಹೆಂಡತಿ ಸಿಯಾ. "ಇವರು ನಕ್ಕು ಕಳಿಸಿಬಿಟ್ರು."

ಹಿಂದಿನ ಮನೆ ಭೀಮಸೇನ ಅಂಕಲ್‌ದು. ಹೂಸ್ಟನ್ನಿನಲ್ಲಿ ನೆರೆಮನೆಯವರಾಗಿದ್ದಾಗ ರಂಜನಿಯ ಸೈಕಲ್ಲನ್ನು ಲೆಕ್ಕವಿಲ್ಲದಷ್ಟು ಸಲ ಬಿಚ್ಚಿ ಜೋಡಿಸಿಕೊಟ್ಟವರು. ಕೇಸು ಬೇರೆಯವರಿಗೆ ಒಪ್ಪಿಸು ಎಂದ ಗಾರ್ಸಿಯಾ. ಬೇರೆಯವರು ಬಂದೂಕಿನ ಮನೆಯೆಂದು ಬಾಗಿಲು ಮುರಿದು ನುಗ್ಗಿದರೆ ಒಳಗಿರುವ ಅವರ ಹೆಂಡತಿ ಪ್ರಭಾ ಆಂಟಿಯ ಗತಿಯೇನು? ಆಂಟಿಗೆ ಮರೆವಿನ ಕಾಯಿಲೆ, ಗದ್ದಲವೆಂದರೆ ನಡುಗುತ್ತಾರೆ. ರಂಜನಿ ತಾನೇ ಹೋಗಿ ಬಾಗಿಲು ತಟ್ಟಿದಳು.

"ಬಾರವಾ. ಚಹಾ ಮಾಡ್ಲಿ?"

"ಬೇಡ ಅಂಕಲ್. ಮನೇಲಿ ಬಿಬಿ ಗನ್ ಇದೆಯಾ?"

"ಒಂದು ಅದ. ಹಳೇ ಸಾಮಾನಿನ ಗರಾಜ್ ಸೇಲಿನ್ಯಾಗ ತಗೊಂಡದ್ದು. ಭಾಳ ಹಳೇದು, ಕೆಟ್ಟದ."

"ತೋರಿಸ್ತೀರಾ?"

ಗರಾಜಿನ ಮೇಜಿನ ಮೇಲೆ ಗನ್ ಇತ್ತು. ಪಕ್ಕದಲ್ಲಿ ಮುರಿದ ಸ್ಪ್ರಿಂಗು, ಒಣಗಿ ಚೂರಾದ ತೊಗಲಿನ ವಾಷರು. ಹಳೆಯವು ಹೊರಗೆ ಬಿದ್ದಿದ್ದರೆ ಒಳಗೆ ಹೊಸವು ಕೂತಿರಬೇಕು. ಗಾರ್ಸಿಯಾ ಸೊಂಟದ ಪಿಸ್ತೂಲಿನ ಮೇಲೆ ಕೈಯಿಟ್ಟ. ರಂಜನಿ ಕೈಗವಸು ತೊಟ್ಟು ಗನ್ನೆತ್ತಿ, ನಳಿಗೆಯನ್ನು ಖಾಲಿ ಗೋಡೆಗೆ ತಿರುಗಿಸಿ, ಕೆಳಗಿನ ಲಿವರ್ ಎಳೆದಳು. ಅದು ಬಿಗಿಯಾಗಿ ಬಂದು ಕಟಕ್ಕೆಂದು ಕೂತಿತು. ಸ್ಕ್ರೂಗಳ ಸೀಳಿನಲ್ಲೆಲ್ಲ ಕುಂಕುಮವಿತ್ತು.

ಅವಳು ಗನ್ ಕೆಳಗಿಟ್ಟು, ಮಾತಾಡದಿರುವ ಹಕ್ಕು, ವಕೀಲರನ್ನು ಪಡೆಯುವ ಹಕ್ಕು, ಎಲ್ಲವನ್ನೂ ಓದಿ ಹೇಳಿದಳು.

"ತಿಳೀತು. ಮುಚ್ಚಿಡೂದು ಏನದ ಇನ್ನ," ಎಂದರು ಅಂಕಲ್.

"ಬೆಳಿಗ್ಗೆ ಹೊಡೆದಿದ್ದು ಯಾರು?"

"ನಾನು."

"ದುಷ್ಯಂತನಿಗಾ?"

"ಕ್ಯಾಮೆರಾಕ್ಕ. ಅವ ಹೊರಗ ನಿಂತದ್ದು ಕಾಣಲಿಲ್ಲ." ಅವರು ಸ್ಟೂಲಿನ ಮೇಲೆ ಕೂತರು. "ಪ್ರಭಾ ಹಿತ್ತಲದಾಗ ನಿಂತು ತನ್ನ ಅವ್ವನ್ನ ಕರೀತಿದ್ಲು. ಮೈಮ್ಯಾಲೆ ಸೀರಿ ಇರಲಿಲ್ಲ. ಕ್ಯಾಮೆರಾದಾಗ ಬಂದ ಆ ವಿಡಿಯೊನ ದುಷ್ಯಂತ ಬಡಾವಣೆ ಗ್ರೂಪಿಗೆ ಹಾಕಿದ. ಎಲ್ಲಾರೂ ನಕ್ಕ್ರು. ತೆಗಿಯಪ್ಪಾ ಅಂದ್ರ ಇವನೂ ನಕ್ಕ."

ಗಾರ್ಸಿಯಾನ ಫೋನು ಬಡಿದುಕೊಂಡಿತು. ಆಸ್ಪತ್ರೆಯಿಂದ ಸುದ್ದಿ, ದುಷ್ಯಂತನ ಕಣ್ಣು ಉಳಿದಿತ್ತು. ಅದನ್ನು ಕೇಳಿ ಭೀಮಸೇನ ಅಂಕಲ್ ಅಳತೊಡಗಿದರು.

ರಂಜನಿ ಅಮ್ಮನಿಗೆ ಫೋನ್ ಮಾಡಿ, ಪ್ರಭಾ ಆಂಟಿಯ ಜೊತೆಗಿರಲು ಕರೆದಳು. ಅಮ್ಮ ಬಂದು ಆಂಟಿಯನ್ನು ಒಳಕೋಣೆಗೆ ಕರೆದೊಯ್ದ ಮೇಲೆಯೇ ಕೈಕೋಳ ತೊಡಿಸಿದಳು. ಗನ್ನು, ಗುಂಡಿನ ಡಬ್ಬಿ, ಹಳೆಯ ಸ್ಪ್ರಿಂಗು ಜಪ್ತಿಯಾದವು.

ಕಾರಿನಲ್ಲಿ ರಂಜನಿಗೆ ಕೇಳದೆ ಇರಲಾಗಲಿಲ್ಲ. "ಗುಂಡಿಗೆ ಕುಂಕುಮ ಯಾಕೆ ಹಚ್ಚಿದ್ರಿ ಅಂಕಲ್? ಅದಿಲ್ಲದಿದ್ರೆ ನಾನು ಇಷ್ಟು ಬೇಗ ಬರ್ತಿರಲಿಲ್ಲ."

"ನಾ ಹಚ್ಚಿಲ್ಲವಾ." ಅಂಕಲ್ ಕಿಟಕಿಯಾಚೆ ನೋಡುತ್ತಿದ್ದರು. "ಪ್ರಭಾ ನನ್ನ ಹೆಸರು ಮರತು ಭಾಳ ದಿನಾತು. ನಿನ್ನೆ ಮೇಜಿನ ಮ್ಯಾಲಿನ ಸ್ಪ್ಯಾನರು ಕಂಡು, ಇವತ್ತ ಆಯುಧಪೂಜಿ ಅಲ್ಲೇನ್ರಿ ಅಂದ್ಲು. ತಾನೇ ಕುಂಕುಮದ ಬಟ್ಟಲಾ ತಂದು ಎಲ್ಲಾದಕ್ಕೂ ಹಚ್ಚಿದ್ಲು, ಗುಂಡಿಗೂ. ಒರಸಲಿಕ್ಕೆ ನನಗ ಮನಸ್ಸಾಗಲಿಲ್ಲ."